ಬಣ್ಣ ನೋಡಬ್ಯಾಡ, ಸಪ್ಪಳ ಕೇಳು

ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲ ಬಂತೆಂದರೆ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಚಿಮ್ಮಿ ಚಿಮ್ಮಿ ಹಳೆ ಕಾರುಗಳು ತಳದಿಂದಲೇ ತುಕ್ಕು ಹಿಡಿದು ಹಾಳಾಗುತ್ತವೆ. ನಮ್ಮ ರಾಣೆಬೆನ್ನೂರಿನಲ್ಲಿ ಹಿಮವಿಲ್ಲ, ಸಮುದ್ರವೂ ದೂರ. ಆದರೂ 1991ರಲ್ಲಿ ಅಜ್ಜ ಕೊಂಡ ಮಹೀಂದ್ರ ಎಂಎಂ 540 ಜೀಪಿನ ಚಾಸಿಗೆ ಉಪ್ಪು ಹೊಡೆದಿದೆ. ಎಲ್ಲಿಂದ ಬಂತು ಅಂತೀರಾ? ಗೊಬ್ಬರದ ಚೀಲದಿಂದ.

ಪೇಟೆಯಿಂದ ಹೊಲಕ್ಕೆ ಯೂರಿಯಾ, ಡಿಎಪಿ, ಪೊಟ್ಯಾಷ್ ಎಲ್ಲಾ ಹೋದದ್ದು ಇದೇ ಜೀಪಿನಲ್ಲಿ. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಚೀಲ ಹರಿದು ಉದುರಿದ ಹರಳು ತಗಡಿನ ಸಂದಿಯಿಂದ ಇಳಿದು ಚಾಸಿಯ ಮೇಲೆ ಕೂರುತ್ತದೆ, ಮಳೆಗಾಲದ ತೇವಕ್ಕೆ ಕರಗುತ್ತದೆ. ಮೇಲೆ ಎರೆಮಣ್ಣು ಮೆತ್ತಿಕೊಂಡರಂತೂ ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆ, ಬೇಗ ಆರುವುದೇ ಇಲ್ಲ. ನೀರು, ಗಾಳಿ ಎರಡೂ ಸಿಕ್ಕರೆ ಕಬ್ಬಿಣ ತುಕ್ಕಾಗುತ್ತದೆ. ಉಪ್ಪು ಬೆರೆತ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವುದರಿಂದ ಅದು ಇನ್ನೂ ಬೇಗ.

15 ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಈ ಸಲದ ಗಡುವು ಹತ್ತಿರ ಬಂದಾಗ ಅವ್ವ, "ಗುಜರಿಗೆ ಹಾಕ್ರಿ, ನಾಕು ರೊಕ್ಕಾದ್ರೂ ಬರ್ತಾವ" ಅಂದಳು. ಅಪ್ಪ ಮಾತಾಡಲಿಲ್ಲ. ಅಜ್ಜನನ್ನು ಕೊನೆಯ ಸಲ ದಾವಣಗೆರೆ ಆಸ್ಪತ್ರೆಗೆ ಕರೆದೊಯ್ದದ್ದು ಈ ಜೀಪಿನಲ್ಲೇ. ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಬೆಂಗಳೂರಿನಿಂದ ಬಂದವನು ಜೀಪನ್ನು ಪರಿಚಯದ ಮಿಸ್ತ್ರಿಯ ಹತ್ತಿರ ಒಯ್ದೆ. ಅಂಬಾಸಿಡರ್, ಪದ್ಮಿನಿಗಳಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಎಲ್ಲ ಭಾರ ಹೊರುತ್ತದೆ. ಜೀಪಿನದು ಏಣಿಯಂಥ ಚಾಸಿ: ಎರಡು ಉದ್ದನೆಯ ತೊಲೆ, ನಡುವೆ ಅಡ್ಡಪಟ್ಟಿಗಳು. ಮಿಸ್ತ್ರಿ ಸಣ್ಣ ಸುತ್ತಿಗೆ ಹಿಡಿದು ಕೆಳಗೆ ಮಲಗಿ ಕುಟ್ಟುತ್ತಾ ಹೋದರು. ಗಟ್ಟಿ ಇದ್ದಲ್ಲಿ ಠಣ್ ಅಂತಿತ್ತು. ಹಿಂದಿನ ಸ್ಪ್ರಿಂಗ್ ಪ್ಲೇಟು ಕೂರುವ ಜಾಗದಲ್ಲಿ ಬೊದ್ ಅಂತು. "ಬಣ್ಣ ನೋಡಬ್ಯಾಡ ತಮ್ಮಾ, ಸಪ್ಪಳ ಕೇಳು" ಅಂದವರೇ ಸ್ಕ್ರೂಡ್ರೈವರ್ ಒತ್ತಿದರು. ಒಳಗೇ ಹೋಯಿತು! ಹಿಂದೆ ಯಾವುದೋ ಗ್ಯಾರೇಜಿನವರು ತುಕ್ಕು ತೆಗೆಯದೆ ಮೇಲೆ ದಪ್ಪಗೆ ಕರಿ ಕೋಟಿಂಗ್ ಬಳಿದಿದ್ದರು. ಬಿರುಕಿನಲ್ಲಿ ಹೊಕ್ಕ ನೀರು ಹೊರಬರಲಾಗದೆ ಅಲ್ಲೇ ಕೂತಿತ್ತು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಉಬ್ಬಿ ಪದರಪದರವಾಗಿ ಏಳುತ್ತದೆ. ಸ್ಕ್ರೀನು ಚೆಂದ ಇದ್ದ ಮಾತ್ರಕ್ಕೆ ಒಳಗಿನ ಕೋಡ್ ನೆಟ್ಟಗಿರುತ್ತದೆಯೇ? ನಮ್ಮ ಕೆಲಸದಲ್ಲೂ ದಿನಾ ಕಾಣುವುದು ಇದೇ.

ಮೊದಲು ನೀರು ಬಿಟ್ಟು ಮಣ್ಣು, ಉಪ್ಪು ಎಲ್ಲ ತೊಳೆದು ಬಿಸಿಲಿಗೆ ಚೆನ್ನಾಗಿ ಒಣಗಿಸಿದೆವು. ಕರಿ ಕೋಟಿಂಗ್ ಹೆರೆದು, ವೈರ್ ಬ್ರಷ್ ಹಾಕಿ ಉಜ್ಜಿದ್ದಾಯಿತು. ಬ್ಯಾಟರಿ ಕಳಚಿಟ್ಟು, ಕೊಳೆತ ಭಾಗ ಕತ್ತರಿಸಿ ಅದೇ ದಪ್ಪದ ಪ್ಲೇಟು ವೆಲ್ಡ್ ಮಾಡಿದರು. ಸಂದಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲವಿರುವ ದ್ರಾವಣ ಹಚ್ಚಿದರೆ ಅದು ಗಟ್ಟಿ ಫಾಸ್ಫೇಟ್ ಪದರವಾಗುತ್ತದೆ. ಆಮೇಲೆ ಸತು ಬೆರೆತ ಪ್ರೈಮರ್, ಅದರ ಮೇಲೆ ಬಣ್ಣ. ತೊಲೆಯ ಮುಚ್ಚಿದ ಭಾಗಗಳಿಗೆ ಮಾತ್ರ ಬ್ರಷ್ ಹೋಗುವುದಿಲ್ಲ, ಉದ್ದನೆಯ ನಳಿಗೆಯಿಂದ ಒಳಗೆ ಮೇಣದ ಸ್ಪ್ರೇ ಹೊಡೆಯಬೇಕು. ವೆಲ್ಡಿಂಗ್ ಪೂರ್ತಿ ಮುಗಿದ ಮೇಲೆಯೇ, ಇಲ್ಲದಿದ್ದರೆ ಬೆಂಕಿ ಹತ್ತೀತು. ನೀರು ಇಳಿಯುವ ತೂತುಗಳನ್ನೂ ತಂತಿ ಹಾಕಿ ಬಿಡಿಸಿದೆವು. ಅವು ಕಟ್ಟಿದ್ದರೆ ಉಳಿದದ್ದೆಲ್ಲ ದಂಡ.

ಊರಲ್ಲಿ ಸಿಕ್ಕವರೆಲ್ಲ "ಕರಿ ಆಯಿಲ್ ಹಚ್ಚು" ಅಂತಾರೆ. ಎಂಜಿನ್ನಿನಿಂದ ತೆಗೆದ ಆ ಹಳೇ ಎಣ್ಣೆ ತಕ್ಕಮಟ್ಟಿಗೆ ತುಕ್ಕು ತಡೆಯುವುದು ನಿಜ. ಆದರೆ ರಬ್ಬರ್ ಬುಷ್‌ಗಳನ್ನು ಉಬ್ಬಿಸುತ್ತದೆ, ಧೂಳು ಹಿಡಿಯುತ್ತದೆ, ಮಳೆಗೆ ತೊಳೆದು ನಮ್ಮ ಹೊಲಕ್ಕೇ ಇಳಿಯುತ್ತದೆ. ನಾನಂತೂ ಬೇಡ ಅಂದೆ.

ಗೊಬ್ಬರ ಈಗ ಟ್ರಾಕ್ಟರಿನ ಟ್ರೇಲರಿನಲ್ಲಿ ಹೋಗುತ್ತದೆ. ಹೊಲದಿಂದ ಬಂದ ದಿನ ಅಪ್ಪ ಯಾರೂ ಹೇಳದೆಯೇ ಪೈಪು ಹಿಡಿದು ಜೀಪಿನ ತಳ ತೊಳೆಯುತ್ತಾರೆ. ಹಿಂದಿನ ಒಂದು ಅಡ್ಡಪಟ್ಟಿಯ ಸಪ್ಪಳ ಮಾತ್ರ ಮಿಸ್ತ್ರಿಗೆ ಇನ್ನೂ ಸಮಾಧಾನ ತಂದಿಲ್ಲ. ತಪಾಸಣೆಗೆ ಒಯ್ಯುವ ಮೊದಲು ಅದನ್ನೂ ಕತ್ತರಿಸಿ ನೋಡೋಣ ಅಂದಿದ್ದಾರೆ. ನಾನು ಎರಡು ದಿನ ರಜೆ ಹಾಕಿದ್ದೇನೆ.