ಹನ್ನೊಂದು ಗಂಟೆಯ ಊಟ

ಮೈಸೂರಿನ ಹಳೆಯ ಗುಮಾಸ್ತರು ಒಂಬತ್ತೂವರೆಗೆಲ್ಲ ಸಾರನ್ನ, ಮಜ್ಜಿಗೆಯನ್ನ ಉಂಡು ಕಚೇರಿಗೆ ಓಡುತ್ತಿದ್ದರು. ಅದು ತಿಂಡಿಯೋ ಊಟವೋ ಎಂಬ ಜಿಜ್ಞಾಸೆ ಯಾರಿಗೂ ಹುಟ್ಟಲಿಲ್ಲ. ಅದಕ್ಕೊಂದು ಹೆಸರಿಡಬೇಕೆಂದೂ ತೋರಲಿಲ್ಲ. ಇಂಗ್ಲಿಷರು ಹಾಗಲ್ಲ. ಬೆಳಗಿನ ತಿಂಡಿಯ ಹೆಸರಿನ ತಲೆಯನ್ನೂ ಮಧ್ಯಾಹ್ನದ ಊಟದ ಹೆಸರಿನ ಬಾಲವನ್ನೂ ಕತ್ತರಿಸಿ, ಹೊಲಿದು, 'ಬ್ರಂಚ್' ಎಂದರು. 1895ರಲ್ಲಿ ಗೈ ಬೆರಿಂಜರ್ ಎಂಬಾತ ಪತ್ರಿಕೆಯೊಂದರಲ್ಲಿ ಇದರ ಪರವಾಗಿ ವಕಾಲತ್ತನ್ನೇ ವಹಿಸಿದ. ಶನಿವಾರ ರಾತ್ರಿ ತಡವಾಗಿ ಮಲಗಿದವರು ಭಾನುವಾರ ಬೇಗ ಏಳಬೇಕಾದ ಶಿಕ್ಷೆ ಇದರಿಂದ ತಪ್ಪುವುದೆಂದು ಅವನ ವಾದ. ಆ ವಾದ ಗೆದ್ದಿತೆಂಬುದನ್ನು ಅಮೆರಿಕದ ಹೋಟೆಲುಗಳನ್ನು ಭಾನುವಾರ ನೋಡಿದವರು ಒಪ್ಪುತ್ತಾರೆ.

ಅಟ್ಲಾಂಟಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, "ಅಪ್ಪ, ಈ ದಕ್ಷಿಣದ ಅಡುಗೆಯನ್ನು ನೀವು ಒಂದು ಸಲ ತಿಂದು ನೋಡಬೇಕು" ಎಂದು ಅವಳು ಕರೆದುಕೊಂಡು ಹೋದಳು. ಹೋಟೆಲಿನ ಹಲಗೆಯ ಮೇಲೆ 'ಸದರ್ನ್ ಕಂಫರ್ಟ್ ಫುಡ್' ಎಂದಿತ್ತು. ಮನಸ್ಸಿಗೆ ನೆಮ್ಮದಿ ಕೊಡುವ ಊಟವಂತೆ. ಜ್ವರ ಬಿಟ್ಟ ಮೇಲೆ ನಮಗೆ ಸಾರನ್ನ ಇದ್ದ ಹಾಗೆ ಎಂದುಕೊಂಡೆ. ಬಾಗಿಲಲ್ಲಿ ಹೆಸರು ಬರೆಸಿ, ಬೆಂಚಿನ ಮೇಲೆ ಅರ್ಧ ಗಂಟೆ ಕಾದೆವು. ನಮ್ಮ ಬೆಂಗಳೂರಾಗಿದ್ದರೆ ಉಣ್ಣುತ್ತಿರುವವನ ಕುರ್ಚಿಯ ಹಿಂದೆಯೇ ನಿಂತು, ಅವನು ಕೊನೆಯ ತುತ್ತನ್ನು ಬೇಗ ನುಂಗುವಂತೆ ಮಾಡುತ್ತಿದ್ದೆವು.

ಬಡಿಸುವ ಹುಡುಗಿ ಬಂದು ನನ್ನನ್ನು 'ಹನಿ' ಎಂದು ಕರೆದಳು. ಕನ್ನಡದ ಹನಿಯಲ್ಲ, ಇಂಗ್ಲಿಷಿನ ಜೇನು! ಎಪ್ಪತ್ತು ದಾಟಿದ ನನ್ನನ್ನು ನನ್ನ ಹೆಂಡತಿಯೂ ಎಂದೂ ಹಾಗೆ ಕರೆದವಳಲ್ಲ. ಆ ಸೀಮೆಯಲ್ಲಿ ಅದು ಎಲ್ಲರಿಗೂ ಸಲ್ಲುವ ಮಾತೆಂದು ಮಗಳು ತಿಳಿಸಿದಾಗ ಸ್ವಲ್ಪ ನಿರಾಶೆಯೇ ಆಯಿತೆನ್ನಿ. ಮಾಂಸವಿಲ್ಲದ್ದು ಏನಿದೆ ಎಂದು ಕೇಳಿದೆವು. ಸೊಪ್ಪಿಗೂ ಕಾಳಿಗೂ ಹಂದಿಮಾಂಸ ಹಾಕಿ ಬೇಯಿಸುವುದು ಅಲ್ಲಿಯ ವಾಡಿಕೆ. ಹುಡುಗಿ ಅಡುಗೆಮನೆಯಲ್ಲಿ ವಿಚಾರಿಸಿ ಬಂದು ನಾಲ್ಕು ಪದಾರ್ಥಗಳನ್ನು ಹೇಳಿದಳು.

ಮೊದಲು ಬಂದದ್ದು ಗ್ರಿಟ್ಸ್. ಮುಸುಕಿನ ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ ಬೆಣ್ಣೆ ಹಾಕಿದ್ದು; ಧಾರವಾಡದ ಕಡೆಯವರಾಗಿದ್ದರೆ ಕೂಡಲೇ ಮಜ್ಜಿಗೆ ಕೇಳುತ್ತಿದ್ದರು. ಆ ನೆಲದ ಮೂಲನಿವಾಸಿಗಳಿಂದ ಬಿಳಿಯರು ಕಲಿತ ಅಡುಗೆ ಇದು. ಜಾರ್ಜಿಯಾ ರಾಜ್ಯ 2002ರಲ್ಲಿ ಇದನ್ನು ತನ್ನ ಅಧಿಕೃತ ತಿನಿಸೆಂದೇ ಸಾರಿತು. ಅನಂತರ, ಅದೇ ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದ ಬೆಂಡೆಕಾಯಿ, ಬೇಯಿಸಿದ ಅಲಸಂದೆ ಕಾಳು, ಕೊನೆಗೆ ಬಿಸ್ಕತ್ತು. ಇದು ಚಹಾದಲ್ಲಿ ಅದ್ದುವ ಜಾತಿಯ ಬಿಸ್ಕತ್ತಲ್ಲ. ಮಜ್ಜಿಗೆ ಹಾಕಿ ಕಲಸಿ ಸುಟ್ಟದ್ದು, ಪದರುಪದರಾಗಿ ಬಿಚ್ಚಿಕೊಳ್ಳುವಂಥದು. ರುಚಿ ಹೇಗಿತ್ತೆಂದು ಕೇಳುತ್ತೀರಿ. ಗ್ರಿಟ್ಸ್ ಸಪ್ಪೆ, ಕಾಳು ಪರವಾಗಿಲ್ಲ. ಬೆಂಡೆಕಾಯಿಯನ್ನು ಮಾತ್ರ ಎರಡು ಸಲ ಹಾಕಿಸಿಕೊಂಡೆ.

ಅಷ್ಟು ದೂರ ಹಾರಿಹೋಗಿ ತಿಂದದ್ದು ಬೆಂಡೆಕಾಯಿ, ಅಲಸಂದೆಯನ್ನೇ ಎಂದು ನೀವು ನಗಬಹುದು. ಆದರೆ ಇವೆರಡೂ ಅಲ್ಲಿಗೆ ಬಂದದ್ದು ಆಫ್ರಿಕದಿಂದ, ಗುಲಾಮರನ್ನು ತುಂಬಿ ತಂದ ಹಡಗುಗಳ ಕಾಲದಲ್ಲಿ. ಲೂಯಿಸಿಯಾನದ ಹೆಸರಾಂತ 'ಗಂಬೊ' ಸಾರಿನ ಹೆಸರು ಕೂಡ ಬೆಂಡೆಕಾಯಿಯನ್ನು ಸೂಚಿಸುವ ಆಫ್ರಿಕದ ಮಾತಿನಿಂದ ಬಂದದ್ದು. ನಮ್ಮ ಅಲಸಂದೆಯ ತವರೂ ಆಫ್ರಿಕವೇ, ರಾಗಿಯದೂ ಅದೇ. ನಮ್ಮಲ್ಲಿಗೆ ಅವು ಸಾವಿರಾರು ವರ್ಷಗಳ ಹಿಂದೆ ಕೈಯಿಂದ ಕೈಗೆ ದಾಟಿ ಬಂದವು. ಅಮೆರಿಕಕ್ಕೆ ಅಲಸಂದೆ ಬಂದದ್ದು ಸಂಕೋಲೆಯ ಜೊತೆಯಲ್ಲಿ. ನೆಮ್ಮದಿಯ ಊಟವೆಂದು ಹೆಸರಾದ ಈ ಅಡುಗೆಯನ್ನು ಬಹುಮಟ್ಟಿಗೆ ಕುದುರಿಸಿದವರು ನೆಮ್ಮದಿಯನ್ನೇ ಕಾಣದ ಜನ.

ಪಕ್ಕದ ಮೇಜಿನಲ್ಲಿ, ಚರ್ಚು ಮುಗಿಸಿ ಬಂದಿದ್ದ ಕಪ್ಪು ಜನಾಂಗದ ಅಜ್ಜಿಯೊಬ್ಬರು ಬಿಳಿಯ ಟೋಪಿ ಧರಿಸಿ ಮೊಮ್ಮಕ್ಕಳ ನಡುವೆ ಕುಳಿತಿದ್ದರು. ನಾನು ಬಿಸ್ಕತ್ತನ್ನು ತಿರುಗಿಸಿ ಮುರುಗಿಸಿ ನೋಡುವುದನ್ನು ಕಂಡು, ಜೇನು ಸವರಿಕೊಂಡು ತಿನ್ನಿ ಎಂದರು. ಮಾತು ಬೆಳೆಯಿತು. ಅವರ ತಾಯಿ ಬೇರೊಂದು ಊರಿನ ಹೋಟೆಲಿನಲ್ಲಿ ದಿನವೂ ಬಿಸ್ಕತ್ತು ಸುಡುತ್ತಿದ್ದರಂತೆ. "ಉಳಿದದ್ದನ್ನು ಅಮ್ಮ ಕಾಗದದಲ್ಲಿ ಕಟ್ಟಿ ತರುತ್ತಿದ್ದಳು. ಆ ಹೋಟೆಲಿನ ಬಿಸ್ಕತ್ತಿನ ರುಚಿ ನನಗೆ ಗೊತ್ತಿತ್ತು, ಅಲ್ಲಿಯ ಕುರ್ಚಿ ಹೇಗಿದೆಯೆಂದು ಗೊತ್ತಿರಲಿಲ್ಲ" ಎಂದು ನಕ್ಕರು.

1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋ ಪಟ್ಟಣದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು, ಬಿಳಿಯರಿಗೆ ಮಾತ್ರ ಬಡಿಸುತ್ತಿದ್ದ ಕಡೆ ಕುಳಿತು ಕಾಫಿ ಕೇಳಿದರು. ಕಾಫಿ ಬರಲಿಲ್ಲ, ಅಂಗಡಿ ಮುಚ್ಚುವವರೆಗೂ ಅವರು ಏಳಲಿಲ್ಲ. ಹೋಟೆಲುಗಳಲ್ಲಿ ಬಣ್ಣ ನೋಡಿ ಬಡಿಸಕೂಡದೆಂಬ ಕಾಯಿದೆ ದೇಶಕ್ಕೆಲ್ಲ ಬಂದದ್ದು 1964ರಲ್ಲಿ. ಇದನ್ನು ಹೇಳುವಾಗ ಅವರತ್ತ ಬೆರಳು ತೋರಿಸುವ ಯೋಗ್ಯತೆ ನಮಗಿಲ್ಲ. ನಮ್ಮ ಸಂವಿಧಾನದ 15ನೆಯ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ ಎಂದು ಒಂದೊಂದನ್ನೂ ಹೆಸರಿಸಬೇಕಾಗಿ ಬಂದದ್ದು ಸುಮ್ಮನೆಯಲ್ಲ. ರಾಗಿ ಬೆಳೆದುಕೊಟ್ಟವನಿಗೆ ಬೇರೆ ಲೋಟ ಇಟ್ಟು, ಹೊರಗೆ ಕೂರಿಸಿದ ಊರುಗಳು ನಮ್ಮವೇ.

ಅಜ್ಜಿ ಇನ್ನೊಂದು ಬಿಸ್ಕತ್ತು ತರಿಸಿಕೊಂಡರು. ಅಮ್ಮ ಸುಡುತ್ತಿದ್ದಷ್ಟು ಚೆನ್ನಾಗಿಲ್ಲ ಎಂದರು. ಆದರೂ, ಬಾಗಿಲಲ್ಲಿ ಎಷ್ಟೋ ಮಂದಿ ಕಾಯುತ್ತಿದ್ದರೂ, ಕುರ್ಚಿಗೆ ಚೆನ್ನಾಗಿ ಒರಗಿ ಕುಳಿತು ಸಾವಕಾಶವಾಗಿ ಪೂರ್ತಿ ತಿಂದರು.