ಪಬ್ಲಿಕ್ ಪ್ಲೇಸ್ ಬೇರೆ, ಪಬ್ಲಿಕ್ ವ್ಯೂ ಬೇರೆ



ನನ್ನದೊಂದು ತಪ್ಪು ಹೇಳ್ಕೋಬೇಕು. ನಿಮ್ಮಲ್ಲೂ ದೂರು ಬರೆದುಕೊಡೋರು ಇದ್ದೀರಿ, ಅದಕ್ಕೆ.

ನಮ್ಮ ಕಡೆಯ ಅಕ್ಕ ಒಬ್ಬರು ಬಾಕಿ ಕೂಲಿ ಕೇಳೋಕೆ ತೋಟದ ಮಾಲೀಕನ ಮನೆಗೆ ಹೋಗಿದ್ದರು. ಅವನು ಅಂಗಳದಲ್ಲೇ ನಿಲ್ಲಿಸಿ ಜಾತಿ ಹೆಸರು ಹಿಡಿದು ಬೈದು ಕಳಿಸಿದ. ಅಕ್ಕ ನನ್ನ ಹತ್ರ ಬಂದು ಹೇಳಿದ ಮೊದಲ ಮಾತೇ, "ಅಣ್ಣಾ, ರಸ್ತೇಲಿ ಹೋಗೋರೆಲ್ಲ ನಿಂತು ನೋಡ್ತಿದ್ರು" ಅಂತ.

ನಾನು ಗುಮಾಸ್ತ, ಬಿಎ ಓದಿದವನು, ಅರ್ಜಿ ಬರೆಯೋದರಲ್ಲಿ ಪಳಗಿದ ಕೈ ಅನ್ನೋ ಹಮ್ಮು ಬೇರೆ. 'ಆರೋಪಿಯ ಮನೆಯ ಆವರಣದಲ್ಲಿ' ಅಂತ ಬರೆದೆ, ರಸ್ತೆಯ ಮಾತು ಬಿಟ್ಟೆ. ಠಾಣೆಯಲ್ಲಿ ಓದಿದವರು, "ಇದು ಪಬ್ಲಿಕ್ ಪ್ಲೇಸ್ ಅಲ್ವಲ್ರೀ, ಅಟ್ರಾಸಿಟಿ ಬರಲ್ಲ" ಅಂದರು. ನನಗೂ ಹೌದೇನೋ ಅನ್ನಿಸಿ ವಾಪಸ್ ಬಂದ್ವಿ. ಬಸ್ಸಲ್ಲಿ ಅಕ್ಕ ಒಂದು ಮಾತೂ ಆಡಲಿಲ್ಲ.

ರಾತ್ರಿ 1989ರ ಕಾಯ್ದೆ ತೆಗೆದು ನೋಡಿದೆ. ಕಲಂ 3(1)(ಆರ್), 3(1)(ಎಸ್) ಎರಡರಲ್ಲೂ 'ಪಬ್ಲಿಕ್ ಪ್ಲೇಸ್' ಅಂತ ಇಲ್ಲವೇ ಇಲ್ಲ! ಇರೋದು 'ಎನಿ ಪ್ಲೇಸ್ ವಿಥಿನ್ ಪಬ್ಲಿಕ್ ವ್ಯೂ'. ಪಬ್ಲಿಕ್ ಪ್ಲೇಸ್ ಅಂದ್ರೆ ಜಾಗದ ಪ್ರಶ್ನೆ. ಪಬ್ಲಿಕ್ ವ್ಯೂ ಅಂದ್ರೆ ಜನರ ಕಣ್ಣಿನ ಪ್ರಶ್ನೆ.

2008ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಇವೆರಡನ್ನೂ ಬೆರೆಸಬೇಡಿ ಅಂದಿದೆ. ಖಾಸಗಿ ಮನೆಯ ಅಂಗಳವೇ ಆಗಿದ್ದರೂ ಕಾಂಪೌಂಡಿನಾಚೆಯ ರಸ್ತೆಯಿಂದ ಕಾಣುವಂತಿದ್ದರೆ ಅದು ಪಬ್ಲಿಕ್ ವ್ಯೂ. ಮನೆಯೊಳಗೆ ನಡೆದಿದ್ದರೂ, ಬರೀ ನೆಂಟರು, ಸ್ನೇಹಿತರಲ್ಲದೆ ಹೊರಗಿನವರು ಅಲ್ಲಿದ್ದರೆ ಕಲಂ ಅನ್ವಯಿಸುತ್ತೆ. ಹೊರಗಿನವರು ಯಾರೂ ಇಲ್ಲದ ನಾಲ್ಕು ಗೋಡೆಯ ನಡುವೆ ಆದರೆ ಕಷ್ಟ. 2020ರ ಹಿತೇಶ್ ವರ್ಮಾ ಪ್ರಕರಣದಲ್ಲಿ ಈ ಆರೋಪ ಬಿದ್ದುಹೋಗಿದ್ದು ಹಾಗೇ.

ಬೆಳಿಗ್ಗೆ ಮತ್ತೆ ಬರೆದೆ. ಕಾಂಪೌಂಡ್ ಎಷ್ಟೆತ್ತರ, ರಸ್ತೆ ಎಷ್ಟು ದೂರ, ಯಾರ್ಯಾರು ನಿಂತಿದ್ದರು, ಅವರಿಗೆ ಏನು ಕೇಳಿಸಿತು, ಎಲ್ಲ. ಎಫ್‌ಐಆರ್ ಆಯ್ತು. ಕೇಸು ಇನ್ನೂ ನಡೀತಿದೆ.

ನೋಡಿ, ಇಂಗ್ಲಿಷ್ ಬಾರದ ಅಕ್ಕ ಮೊದಲ ಮಾತಲ್ಲೇ ಕಾಯ್ದೆಗೆ ಬೇಕಾದ್ದನ್ನ ಹೇಳಿದ್ದರು. ಅದನ್ನ ಕಾಗದಕ್ಕೆ ಇಳಿಸದೆ ಬಿಟ್ಟವನು ಇಂಗ್ಲಿಷ್ ಬಲ್ಲ ನಾನು. ಅಕ್ಕನ ಹತ್ರ ಕ್ಷಮೆ ಕೇಳಿದೆ. "ಇರ್ಲಿ ಬಿಡಣ್ಣ, ಇನ್ನೊಬ್ರಿಗೆ ಹಿಂಗೆ ಬರೀಬೇಡ" ಅಂದರು.

ದೂರು ಬರೆಯುವಾಗ ನಮ್ಮವರು ಹೇಳಿದ್ದನ್ನ ಹೇಳಿದ ಹಾಗೇ ಬರ್ಕೊಳ್ಳಿ. ಯಾರು ನೋಡಿದ್ರು, ಎಲ್ಲಿಂದ ನೋಡಿದ್ರು, ಇದನ್ನ ಮಾತ್ರ ಬಿಡಬೇಡಿ.

ಜೈಭೀಮ್.