ಹಿತ್ತಲ ಕೋಣೆಯ ರೈಲುದಾರಿ

ಅಧ್ಯಾಪಕವೃತ್ತಿಯಿಂದ ನಿವೃತ್ತನಾದವನಿಗೆ ಲೋಕವು ಸಾಮಾನ್ಯವಾಗಿ ಮೂರು ಉದ್ಯೋಗಗಳನ್ನು ವಿಧಿಸಿದೆ: ತೀರ್ಥಯಾತ್ರೆ, ಪುರಾಣಶ್ರವಣ, ಮತ್ತು ಪರರ ಮಕ್ಕಳ ವ್ಯಾಕರಣದೋಷಗಳನ್ನು ಎಣಿಸುವುದು. ಈ ಮೂರರಲ್ಲಿ ಯಾವುದಕ್ಕೂ ನನ್ನ ವಿರೋಧವಿಲ್ಲ. ಆದರೆ ನಾಲ್ಕನೆಯದೊಂದನ್ನು ನಾನಾಗಿ ಸೇರಿಸಿಕೊಂಡದ್ದರಿಂದ ಬಂಧುಮಿತ್ರರಲ್ಲಿ ಕೆಲವರಿಗೆ ನನ್ನ ಬುದ್ಧಿಯ ವಿಷಯದಲ್ಲಿ ಸಂದೇಹವುಂಟಾಗಿದೆ. ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ, ನಿಜವಾದುದರ ಎಂಬತ್ತೇಳರಲ್ಲಿ ಒಂದು ಪಾಲಿನ ಅಳತೆಗೆ, ಒಂದು ರೈಲುದಾರಿಯನ್ನು ನಾನು ಹಾಕಿದ್ದೇನೆ. ವೇದಾಂತದ ಪುಸ್ತಕವನ್ನು ಹಿಡಿಯಬೇಕಾದ ಕೈಯಲ್ಲಿ ಅರವನ್ನೂ ಬೆಸುಗೆಯ ಕಡ್ಡಿಯನ್ನೂ ಕಂಡವರು ನಗುತ್ತಾರೆ. ನಗುವವರನ್ನು ತಡೆಯುವುದು ನನ್ನ ಉದ್ದೇಶವಲ್ಲ. ಇದು ನಕ್ಕು ಮುಗಿಸತಕ್ಕ ಆಟವೊಂದೇ ಅಲ್ಲವೆಂಬುದನ್ನು ಮಾತ್ರ ವಾಚಕರಿಗೆ ತಿಳಿಸಬೇಕೆಂದಿದ್ದೇನೆ.

ಚಿಕ್ಕ ರೈಲು ಮೊದಲು ಆಟಿಕೆಯಾಗಿಯೇ ಹುಟ್ಟಿತೆಂಬುದು ನಿಜ. ಜರ್ಮನಿಯ ಮಾರ್ಕ್ಲಿನ್ ಎಂಬ ಆಟಿಕೆ ತಯಾರಕರು ೧೮೯೧ರಲ್ಲಿ ಲೈಪ್ಸಿಗ್ ನಗರದ ಜಾತ್ರೆಯಲ್ಲಿ, ಗೊತ್ತಾದ ಅಳತೆಯ ಕಂಬಿಗಳನ್ನು ಒಂದಕ್ಕೊಂದು ಕೂಡಿಸಿ ಬೆಳೆಸುವ ರೈಲುಗಳನ್ನು ಪ್ರದರ್ಶಿಸಿದರು. ೧೯೨೦ರಲ್ಲಿ ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿಯವರ ಕೀಲಿ ಕೊಟ್ಟು ಓಡಿಸುವ ರೈಲುಗಳು ಬಂದುವು. ಕಾಲಕ್ರಮದಲ್ಲಿ ಮಕ್ಕಳ ಕೈಯಿಂದ ಅದನ್ನು ದೊಡ್ಡವರು ತೆಗೆದುಕೊಂಡರು. ಅಳತೆ ತಪ್ಪಿದರೆ ಅವರ ಮನಸ್ಸು ಒಪ್ಪದಾಯಿತು. ನಮ್ಮ ದೇಶದಲ್ಲಿಯೂ ಈ ಹವ್ಯಾಸವುಳ್ಳವರಿದ್ದಾರೆ. ಪುಣೆಯಲ್ಲಿ ೧೯೯೮ರಿಂದ ಚಿಕ್ಕ ರೈಲುಗಳದೇ ಒಂದು ವಸ್ತುಸಂಗ್ರಹಾಲಯವುಂಟು.

ನನ್ನ ಮನಸ್ಸನ್ನು ಹಿಡಿದದ್ದು ಮಾತ್ರ ವಿದೇಶದ ರೈಲಲ್ಲ, ನಾನು ಬಾಲ್ಯದಲ್ಲಿ ಕಂಡ ಮೀಟರ್ ಗೇಜು. ಧಾತು ಈಶ್ವರ ಸಂವತ್ಸರಗಳ ಘೋರ ಕ್ಷಾಮದ ಬೆನ್ನಿಗೆ ಬೆಂಗಳೂರಿನಿಂದ ಮೈಸೂರಿಗೆ ಹಾಕಿ, ೧೮೮೨ರಲ್ಲಿ ಸಂಚಾರಕ್ಕೆ ತೆರೆದ ದಾರಿ ಈ ಜಾತಿಯದು. ಎರಡು ಕಂಬಿಗಳ ನಡುವೆ ಒಂದು ಮೀಟರು, ಎಂದರೆ ೩ ಅಡಿ ೩⅜ ಇಂಚು. ೫ ಅಡಿ ೬ ಇಂಚಿನ ದೊಡ್ಡ ದಾರಿಗೆ ಬಹಳ ಹಣ ತಗಲುವುದೆಂದು, ಲಾರ್ಡ್ ಮೇಯೋ ವೈಸರಾಯರಾಗಿದ್ದಾಗ, ೧೮೭೦ರ ಸುಮಾರಿನಲ್ಲಿ, ಸರ್ಕಾರದವರು ಇದನ್ನು ಆರಿಸಿಕೊಂಡರು. ಅಗ್ಗವಾದ ದಾರಿ, ಬೇಗ ಬಾಗುವ ದಾರಿ, ಆದರೆ ಎರಡು ಗೇಜುಗಳು ಕೂಡುವ ಕಡೆಯಲ್ಲೆಲ್ಲ ಒಂದು ಬಂಡಿಯ ಸಾಮಾನನ್ನು ಇಳಿಸಿ ಮತ್ತೊಂದಕ್ಕೆ ಏರಿಸಬೇಕಾದ ದಾರಿ. ಈ ತೊಡಕನ್ನು ನೀಗುವುದಕ್ಕಾಗಿ ೧೯೯೨ರಲ್ಲಿ ಇಡೀ ದೇಶಕ್ಕೆ ಒಂದೇ ಗೇಜೆಂಬ ಯೋಜನೆ ಆರಂಭವಾಯಿತು. ಆ ಕೆಲಸ ನಡೆಯಲೇಬೇಕಾಗಿತ್ತು. ದೂರುವುದಕ್ಕೆ ಏನೂ ಇಲ್ಲ. ಆದರೂ ನೂರು ವರ್ಷಕ್ಕೂ ಮೇಲೆ ನಾಡನ್ನು ಹೊತ್ತ ದಾರಿಯೊಂದು ನಮ್ಮ ಕಣ್ಣೆದುರಿಗೇ ಎದ್ದುಹೋಯಿತು. ಇಂದಿನ ಹುಡುಗರು ಆ ಅಗಲವಾದ ದಾರಿಯೇ ಆದಿಯಿಂದಲೂ ಇತ್ತೆಂದು ತಿಳಿದಿದ್ದಾರೆ.

ಇನ್ನು ಕೋಣೆಯ ವಿಷಯ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಈ ಕೋಣೆಯನ್ನು ನಮ್ಮ ತಂದೆಯವರ ಕಾಲದಿಂದಲೂ ಬಾಣಂತಿಯ ಕೋಣೆಯೆಂದೇ ಕರೆಯುತ್ತಿದ್ದರು. ಗಾಳಿ ಹೆಚ್ಚಾಗಿ ಹೊಗದಂತೆ ಚಿಕ್ಕ ಕಿಟಕಿ, ತೊಲೆಯಲ್ಲಿ ತೊಟ್ಟಿಲಿನ ಕೊಂಡಿ, ಮೂಲೆಯ ಗೋಡೆಯಲ್ಲಿ ಅಗ್ಗಿಷ್ಟಿಕೆಯ ಮಸಿ. ನಾನೂ ನನ್ನ ತಂಗಿಯರೂ ಹುಟ್ಟಿದ್ದು ಇಲ್ಲಿ. ಈಗ ಹೆರಿಗೆಗಳೆಲ್ಲ ಆಸ್ಪತ್ರೆಯಲ್ಲಾಗುತ್ತವೆ. ನಮ್ಮ ಮಗಳು ಮೊದಲನೆಯ ಬಾಣಂತನವನ್ನು ತಾನಿದ್ದ ಊರಿನಲ್ಲಿಯೇ ಮುಗಿಸಿದಳು. ನಮ್ಮ ಮನೆಯವರೇ ಅಲ್ಲಿಗೆ ಹೋಗಿ ಮೂರು ತಿಂಗಳು ಇದ್ದು ಬಂದರು. ಹೀಗೆ ಮೀಟರ್ ಗೇಜಿನಂತೆಯೇ ಈ ಕೋಣೆಯೂ ಯಾರ ತಪ್ಪೂ ಇಲ್ಲದೆ ಬಳಕೆಯಿಂದ ತಪ್ಪಿ, ತಾಮ್ರದ ಹಂಡೆ, ಕಾಲು ಮುರಿದ ಕುರ್ಚಿ, ನಲವತ್ತು ವರ್ಷದ ಪಂಚಾಂಗಗಳು ಇವುಗಳ ಪಾಲಾಗಿತ್ತು.

ಕೋಣೆಯನ್ನು ಕೇಳಿದಾಗ ನಮ್ಮ ಮನೆಯವರು ಬೇಡವೆನ್ನಲಿಲ್ಲ. ಸ್ವಲ್ಪ ಹೊತ್ತು ತೊಲೆಯ ಕಡೆಗೆ ನೋಡಿ, “ತೊಗೊಳ್ಳಿ. ಆದರೆ ಆ ಕೊಂಡೀನ ಮುಟ್ಟಬೇಡಿ. ಮಗಳು ಎರಡನೇದಕ್ಕೆ ಇಲ್ಲಿಗೇ ಬರ್ತೀನಿ ಅಂದರೆ ಎರಡು ದಿನದಲ್ಲಿ ಕೋಣೆ ಖಾಲಿಯಾಗಬೇಕು” ಎಂದರು. ನಾನು ಒಪ್ಪಿದೆ. ಈ ಒಂದು ಮಾತು ಮುಂದಿನ ಕೆಲಸವನ್ನೆಲ್ಲ ನಿಯಮಿಸಿತು. ದಾರಿಯನ್ನು ಗೋಡೆಗೆ ಬಿಗಿಯುವಂತಿಲ್ಲ, ಅಖಂಡವಾಗಿ ಮಾಡುವಂತಿಲ್ಲ. ನಾಲ್ಕು ನಾಲ್ಕು ಅಡಿಯ ಏಳು ಹಲಗೆಗಳಾಗಿ ಮಾಡಿ, ಬೋಲ್ಟು ಹಾಕಿ ಕೂಡಿಸಬೇಕು. ಬೇಕೆಂದಾಗ ಬಿಚ್ಚಿ ಅಟ್ಟಕ್ಕೆ ಏರಿಸಬೇಕು.

ಕೋಣೆಯನ್ನು ಸಿದ್ಧಪಡಿಸುವುದಕ್ಕೆ ಒಂದು ತಿಂಗಳು ಹಿಡಿಯಿತು. ಹಂಡೆ ಬಚ್ಚಲಿಗೆ ಹಿಂದಿರುಗಿತು. ಪಂಚಾಂಗಗಳು ಕಟ್ಟಾಗಿ ಅಟ್ಟವನ್ನೇರಿದುವು. ಗೋಡೆಯ ತೇವ ಆರಿದ ಮೇಲೆ ಎರಡು ಸಲ ಸುಣ್ಣ ಹೊಡೆಸಿ, ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿದೆ. ರೈಲಿಗೆ ಶತ್ರುಗಳು ಮೂರು: ಧೂಳು, ತೇವ, ಹಲ್ಲಿ. ಧೂಳು ಕಂಬಿಗೂ ಚಕ್ರಕ್ಕೂ ನಡುವೆ ಕುಳಿತು ವಿದ್ಯುತ್ತನ್ನು ತಡೆಯುತ್ತದೆ. ತೇವದಿಂದ ಮರ ಉಬ್ಬಿ ದಾರಿ ಡೊಂಕಾಗುತ್ತದೆ. ಹಲ್ಲಿಯ ಉಪದ್ರವವನ್ನು ಗೃಹಸ್ಥರಿಗೆ ವಿವರಿಸಬೇಕಾದುದಿಲ್ಲ. ಮರದ ಚೌಕಟ್ಟಿನ ಮೇಲೆ ೧೨ ಮಿಲಿಮೀಟರಿನ ಪ್ಲೈವುಡ್, ಅದರ ಮೇಲೆ ಸದ್ದನ್ನು ಹೀರುವ ಕಾರ್ಕಿನ ಹಾಳೆ, ಹೀಗೆ ಹಲಗೆಗಳಾದುವು.

ಆಮೇಲೆ ಲೆಕ್ಕ. ಎಂಬತ್ತೇಳರ ಪಾಲಿನಲ್ಲಿ ಒಂದು ಮೈಲಿಯೆಂದರೆ ಸುಮಾರು ಅರವತ್ತೊಂದು ಅಡಿ. ನನಗೆ ದೊರೆಯುವ ದಾರಿ ಒಂದು ಗೋಡೆಯ ಮಗ್ಗುಲಿಗೆ ಏಳು ಅಡಿ, ತಿರುವಿನಲ್ಲಿ ಹದಿಮೂರು, ಹಿಂದಿರುಗುವಾಗ ಏಳು. ಒಟ್ಟು ಇಪ್ಪತ್ತೇಳು ಅಡಿ, ಎಂದರೆ ಅರ್ಧ ಮೈಲಿಗೂ ಕಡಮೆ. ಅಷ್ಟರಲ್ಲಿ ಒಂದು ಚಿಕ್ಕ ನಿಲ್ದಾಣ, ಎದುರು ಬಂಡಿಗೆ ಎಡೆಗೊಡುವ ಕವಲುಹಾದಿ, ಒಂದು ಗೂಡ್ಸು ಹಾದಿ, ಕೆರೆಯ ಕೋಡಿಗೆ ಒಂದು ಸೇತುವೆ. ತಿರುವಿನ ಲೆಕ್ಕ ಮಾಡುವಾಗ ನನಗೊಂದು ಆಶ್ಚರ್ಯ ಕಾದಿತ್ತು. ನಮ್ಮ ರೈಲ್ವೆಯ ನಿಯಮದಂತೆ ದೊಡ್ಡ ಗೇಜಿನ ಅತ್ಯಂತ ಕಡಿದಾದ ತಿರುವಿನ ತ್ರಿಜ್ಯ ೧೭೫ ಮೀಟರು. ಮೀಟರ್ ಗೇಜಿನದು ೧೦೯. ಎಂಬತ್ತೇಳರಿಂದ ಭಾಗಿಸಿದರೆ ಮೊದಲನೆಯದಕ್ಕೆ ಅರೆವೃತ್ತ ತಿರುಗುವುದಕ್ಕೆ ಹದಿಮೂರು ಅಡಿ ಅಗಲ ಬೇಕು. ಎರಡನೆಯದಕ್ಕೆ ಎಂಟು ಅಡಿ ಮೂರು ಇಂಚು ಸಾಕು. ದೊಡ್ಡ ಗೇಜು ಈ ಕೋಣೆಯಲ್ಲಿ ಸುಳ್ಳು ಹೇಳದೆ ತಿರುಗಲಾರದು. ಮೀಟರ್ ಗೇಜು ತನ್ನ ನಿಜವಾದ ತಿರುವನ್ನೇ ತಿರುಗಿ, ಎರಡು ಕಡೆಯೂ ಗೋಡೆಗೆ ಒಂದೊಂದು ಗೇಣು ಬಿಟ್ಟು ಹಿಂದಿರುಗುತ್ತದೆ. ಬಡವನ ನಾಡಿಗೆಂದು ಆರಿಸಿದ ದಾರಿ ಬಡವನ ಕೋಣೆಗೂ ಒಪ್ಪಿತು.

ತಿರುವನ್ನು ಎಳೆಯಲು ಕುಳಿತಾಗ ಪಾಠಶಾಲೆಯಲ್ಲಿ ಓದಿದ ಶುಲ್ಬಸೂತ್ರಗಳು ನೆನಪಾದುವು. ಶುಲ್ಬವೆಂದರೆ ಹಗ್ಗ. ಶಂಕುವನ್ನು ನೆಟ್ಟು, ಹಗ್ಗವನ್ನು ಎಳೆದು, ಯಜ್ಞವೇದಿಯನ್ನು ಅಳೆಯುವ ಶಾಸ್ತ್ರವದು. ಹಗ್ಗ ಎಳೆದಷ್ಟೂ ಹಿಗ್ಗುವುದರಿಂದ ನಾನು ಮರದ ಪಟ್ಟಿಯನ್ನು ಬಳಸಿದೆ. ಉಳಿದ ವಿಧಾನವೆಲ್ಲ ಹಿಂದಿನವರದೇ. ನೇರದಾರಿ ಒಮ್ಮೆಲೇ ವೃತ್ತವಾದರೆ ಬಂಡಿ ಧಕ್ಕೆ ತಿನ್ನುತ್ತದೆ. ನಡುವೆ ಮೆಲ್ಲನೆ ಬಾಗುವ ಭಾಗವೊಂದು ಬೇಕು. ಅದಕ್ಕೆ ಬಿದಿರಿನ ತೆಳ್ಳನೆಯ ದಬ್ಬೆಯನ್ನು ಎರಡು ಮೊಳೆಗಳ ನಡುವೆ ಬಾಗಿಸಿ ಹಿಡಿದರೆ, ಗಣಿತಜ್ಞರು ಸಮೀಕರಣದಿಂದ ಪಡೆಯುವ ರೇಖೆಗೆ ಬಹು ಹತ್ತಿರವಾದುದನ್ನು ಬಿದಿರು ತಾನಾಗಿಯೇ ತೋರಿಸಿಕೊಡುತ್ತದೆ.

ಬೌಧಾಯನನು ಅಂಗುಲವನ್ನು ಹೇಳುವಾಗ, ಚಪ್ಪಟೆ ಮೈಗಳು ತಾಗುವಂತೆ ಜೋಡಿಸಿದ ಮೂವತ್ತನಾಲ್ಕು ಎಳ್ಳೆಂದೂ ಒಂದು ಲೆಕ್ಕ ಕೊಟ್ಟಿದ್ದಾನೆ. ಅಂಗುಲವನ್ನು ಮುಕ್ಕಾಲು ಇಂಚೆಂದು ಹಿಡಿದರೆ ಒಂದು ಎಳ್ಳು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ನನ್ನ ದಾರಿಯಲ್ಲಿ ಚಕ್ರವು ಕಂಬಿಯ ಮೇಲಿರುವುದೂ ಕೆಳಗಿಳಿಯುವುದೂ ಆ ಅಳತೆಯಿಂದಲೇ ತೀರ್ಮಾನವಾಗುತ್ತದೆ. ‘ಎಳ್ಳಷ್ಟೂ ತಪ್ಪಬಾರದು’ ಎಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಆ ಮಾತು ಒಂದು ಅಳತೆಯೂ ಆಗಬಹುದೆಂಬುದು ಈ ಕೋಣೆಯಲ್ಲಿ ಹೊಳೆಯಿತು.

ಹನ್ನೆರಡು ಮಿಲಿಮೀಟರಿನ ಸಿದ್ಧವಾದ ಕಂಬಿದಾರಿ ವಿದೇಶದಿಂದ ದೊರೆಯುತ್ತದೆ. ಆದರೆ ಅದು ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳಿಗೆಂದು ಮಾಡಿದುದು, ನಮ್ಮ ದಾರಿಯ ಮುಖಲಕ್ಷಣ ಅದಕ್ಕಿಲ್ಲ. ಆದುದರಿಂದ ಕೈಯಿಂದಲೇ ಮಾಡಿದೆ. ರೇಡಿಯೋ ರಿಪೇರಿಯವರು ಬಳಸುವ, ಮೇಲೆ ತಾಮ್ರದ ಪೊರೆಯಿರುವ ಹಲಗೆಯನ್ನು ೨೧ ಮಿಲಿಮೀಟರು ಉದ್ದದ ಕಡ್ಡಿಗಳಾಗಿ ಕೊಯ್ದರೆ ಆರು ಅಡಿಯ ಸ್ಲೀಪರುಗಳಾಗುತ್ತವೆ. ಎರಡು ಕಂಬಿಗಳ ವಿದ್ಯುತ್ತು ಕೂಡದಂತೆ ಪ್ರತಿಯೊಂದರ ನಡುವೆ ತಾಮ್ರವನ್ನು ಅರದಿಂದ ತೆಗೆಯಬೇಕು. ಹನ್ನೆರಡು ಮೀಟರಿನ ಒಂದು ಕಂಬಿಗೆ ಹದಿನೈದರಂತೆ ಲೆಕ್ಕ ಹಾಕಿದರೆ, ಕವಲುಗಳೂ ಸೇರಿ, ಸಾವಿರದ ನೂರಕ್ಕೂ ಮೇಲಾದುವು. ಶ್ಯೇನಚಿತಿಗೆ ಐದು ಪದರಗಳಲ್ಲಿ ಸಾವಿರ ಇಟ್ಟಿಗೆ. ಸಂಖ್ಯೆಯಲ್ಲಿ ನಾನು ಯಜಮಾನನನ್ನು ಮೀರಿದೆ, ಪುಣ್ಯದಲ್ಲಿ ಹೇಗೋ ತಿಳಿಯದು. ಹಿತ್ತಾಳೆಯ ಅಳತೆಯಚ್ಚನ್ನು ಕಂಬಿಗಳ ನಡುವೆ ಹಿಡಿದು ಒಂದೊಂದಾಗಿ ಬೆಸೆಯುತ್ತ ಹೋಗುವುದು ಜಪಕ್ಕೆ ಸಮಾನವಾದ ಕೆಲಸ. ಮನಸ್ಸು ಬೇರೆಡೆಗೆ ಹೋಗುವಂತಿಲ್ಲ. ಹೋದರೆ ಬೆರಳು ಸುಡುತ್ತದೆ.

ಕವಲಿನಲ್ಲಿ ಮಾತ್ರ ವಿಶೇಷವಾದ ಕಷ್ಟವುಂಟು. ಎರಡು ಹಾದಿಗಳು ಒಂದನ್ನೊಂದು ಕೊಯ್ಯುವ ಕಡೆ ಚಕ್ರದ ಅಂಚು ಹಾಯುವುದಕ್ಕೆ ಕಂಬಿಯನ್ನು ಕಡಿದು ಸಂದು ಬಿಡಬೇಕು. ಆ ಸಂದಿನಲ್ಲಿ ಚಕ್ರವು ಯಾವ ಕಡೆಗೆ ಬೇಕಾದರೂ ಹೊರಳಬಹುದು. ಅದನ್ನು ತಡೆಯುವುದಕ್ಕಾಗಿ ಎದುರು ಕಂಬಿಯ ಪಕ್ಕದಲ್ಲಿ ಕಾವಲು ಕಂಬಿಯೊಂದನ್ನು ಹಾಕುತ್ತಾರೆ. ಅದು ಬಂಡಿಯನ್ನು ಹೊರುವುದಿಲ್ಲ, ಮುಂದಕ್ಕೆ ನೂಕುವುದೂ ಇಲ್ಲ. ದಾರಿ ತಪ್ಪಬಹುದಾದ ಒಂದು ಕ್ಷಣದಲ್ಲಿ ಇನ್ನೊಂದು ಬದಿಯ ಚಕ್ರವನ್ನು ಹಿಡಿದುಕೊಂಡು ಬಿಡುತ್ತದೆ. ಉಪಾಧ್ಯಾಯನ ಕೆಲಸವೂ ಬಹುಮಟ್ಟಿಗೆ ಇಷ್ಟೇ.

ಹಲಗೆ ಹಲಗೆ ಕೂಡುವ ಆರು ಎಡೆಗಳಲ್ಲಿ, ಅಂಚಿನಲ್ಲಿ ಹಿತ್ತಾಳೆಯ ತಿರುಪುಗಳನ್ನು ಇಳಿಸಿ, ಕಂಬಿಯ ತುದಿಗಳನ್ನು ಅವುಗಳ ತಲೆಗೇ ಬೆಸೆದೆ. ಎಷ್ಟು ಸಲ ಬಿಚ್ಚಿ ಕೂಡಿಸಿದರೂ ತುದಿಗೆ ತುದಿ ಎದುರಾಗಬೇಕು. ಪ್ರತಿ ೧೩೮ ಮಿಲಿಮೀಟರಿಗೆ ಕಂಬಿಯ ತಲೆಯಲ್ಲಿ ಸಣ್ಣ ಗೀರನ್ನೂ ಹಾಕಿದೆ. ಹನ್ನೆರಡು ಮೀಟರಿನ ಕಂಬಿಗಳ ಕೂಡುಗಳು ಅವು. ಈಗಿನ ಉದ್ದನೆಯ ಬೆಸೆದ ಕಂಬಿಗಳ ಮೇಲೆ ಕೇಳದ ಆ ಹಳೆಯ ತಾಳ ಇಲ್ಲಿ ಕೇಳಿಸುತ್ತದೆ. ಎಂಜಿನು ಇನ್ನೂ ಬಂದಿಲ್ಲ. ಒಂದು ಚಿಕ್ಕ ಗೂಡ್ಸು ಬಂಡಿಯನ್ನು ಬೆರಳಿನಿಂದ ನೂಕಿಯೇ ದಾರಿಯನ್ನು ಪರೀಕ್ಷಿಸುತ್ತೇನೆ. ಕಣ್ಣಿಗೆ ಕಾಣದ ಉಬ್ಬನ್ನು ಬೆರಳು ಹೇಳುತ್ತದೆ. “ರೈಲಿಲ್ಲದ ರೈಲುದಾರಿ” ಎಂದು ಮಿತ್ರರು ಹಾಸ್ಯ ಮಾಡಿದರು. ಎಂಜಿನನ್ನು ಹಣ ಕೊಟ್ಟು ತರಿಸಬಹುದು. ದಾರಿಯನ್ನು ಆಯಾ ಮನೆಯವನೇ ಮಾಡಿಕೊಳ್ಳಬೇಕು.

ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳುತ್ತಾರೆ. ಗೋವಿನಂತಿರುವುದು ಗವಯವೆಂದು ಕೇಳಿದವನು ಕಾಡಿನಲ್ಲಿ ಗವಯವನ್ನು ಕಂಡು ಗುರುತಿಸುವುದು ಉಪಮಾನದ ಪ್ರಸಿದ್ಧ ಉದಾಹರಣೆ. ಬೇಸಗೆಯ ರಜೆಗೆ ಬಂದ ಎಂಟು ವರ್ಷದ ಮೊಮ್ಮಗನಿಗಾಗಿ ನಾನು ಗೂಡ್ಸು ಹಾದಿಯ ಪಕ್ಕದಲ್ಲಿ ಒಂದು ಗೇಣಿನಷ್ಟು ದೊಡ್ಡ ಗೇಜಿನ ದಾರಿಯನ್ನೂ ಅದೇ ಅಳತೆಯಲ್ಲಿ, ೧೯ ಮಿಲಿಮೀಟರಿಗೆ ಹಾಕಿದ್ದೆ. ಅವನು ಬಂಡಿಯನ್ನು ಒಂದರಿಂದೆತ್ತಿ ಇನ್ನೊಂದರ ಮೇಲಿಟ್ಟನು. ಅದು ಕಂಬಿಗಳ ನಡುವೆ ಬಿದ್ದಿತು. ಸ್ವಲ್ಪ ಯೋಚಿಸಿ, “ತಾತ, ಹಾಗಾದ್ರೆ ಇದರಲ್ಲಿರೋ ಮೂಟೆಗಳನ್ನೆಲ್ಲ ಇಳಿಸಿ ಅದಕ್ಕೆ ಹತ್ತಿಸಬೇಕಾ?” ಎಂದು ಕೇಳಿದನು. ನೂರು ವರ್ಷದ ತೊಡಕು ಅವನಿಗೆ ಆ ಒಂದು ಗಳಿಗೆಯಲ್ಲಿ ತಿಳಿಯಿತು. ಪ್ರಮಾಣವೆಂದರೆ ಅಳತೆಯೂ ಹೌದು, ಜ್ಞಾನದ ಸಾಧನವೂ ಹೌದು. ಸಾದೃಶ್ಯ ಎಳ್ಳಷ್ಟು ಕೆಟ್ಟರೆ ಅದರಿಂದ ಬರುವ ಜ್ಞಾನವೂ ಅಷ್ಟೇ ಕೆಡುತ್ತದೆ. ನನ್ನ ದಾರಿಯಲ್ಲಿಯೂ ಒಂದು ಎಳ್ಳಿನ ಸಾಲವಿದೆ: ಲೆಕ್ಕದಂತೆ ಹನ್ನೊಂದೂವರೆ ಮಿಲಿಮೀಟರಿರಬೇಕಾದುದು, ಚಕ್ರ ಮಾಡುವವರ ರೂಢಿಯಿಂದ ಹನ್ನೆರಡಾಗಿದೆ. ಅದನ್ನು ಹುಡುಗನಿಗೆ ಹೇಳಿಯೇ ಇದ್ದೇನೆ.

ಕಳೆದ ತಿಂಗಳು ಮಗಳಿಂದ ಸುದ್ದಿ ಬಂದಿತು: ಏಳನೆಯ ತಿಂಗಳಿಗೆ ಬರುತ್ತಾಳೆ, ಬಾಣಂತನ ಇಲ್ಲಿಯೇ. ನಮ್ಮ ಮನೆಯವರು ನನ್ನ ಮುಖವನ್ನು ನೋಡಿದರು, ಏನೂ ಹೇಳಲಿಲ್ಲ. ಎರಡು ದಿನ ಬೇಕಾಗಲಿಲ್ಲ. ಒಂದು ಮಧ್ಯಾಹ್ನದಲ್ಲಿ ಏಳು ಹಲಗೆಗಳೂ ಬಿಚ್ಚಿ, ಸಂಖ್ಯೆ ಬರೆಸಿಕೊಂಡು, ಪಂಚಾಂಗಗಳ ಪಕ್ಕದಲ್ಲಿ ಅಟ್ಟದ ಮೇಲೆ ಕುಳಿತುವು. “ಎಂಜಿನು ಬರುವ ಮೊದಲೇ ದಾರಿ ಹೋಯಿತಲ್ಲಾ” ಎಂದು ನೆರೆಯವರೊಬ್ಬರು ಮರುಗಿದರು. ಹೋಗಿಲ್ಲವೆಂದೆ. ಆ ದೊಡ್ಡ ದಾರಿಯನ್ನು ಎತ್ತಿದಾಗ ಮತ್ತೆ ಹಾಕುವ ಮಾತಿರಲಿಲ್ಲ. ಇದನ್ನು ಮೊದಲಿನಿಂದಲೂ ಎತ್ತುವುದಕ್ಕೂ ಮತ್ತೆ ಹಾಕುವುದಕ್ಕೂ ಆಗುವಂತೆಯೇ ಮಾಡಿದೆ. ಕೊಂಡಿಗೆ ಎಣ್ಣೆ ಹಾಕಿ ಒರಸಿದ್ದೇವೆ, ತೊಟ್ಟಿಲು ಗಟ್ಟಿಯಾಗಿದೆ. ನಾಮಕರಣಕ್ಕೆ ಬರುವ ಮಿತ್ರರು ಮಗುವನ್ನು ಹರಸಿದ ಮೇಲೆ, ಮನಸ್ಸಿದ್ದರೆ, ಒಮ್ಮೆ ತಲೆಯೆತ್ತಿ ಅಟ್ಟದ ಕಡೆಗೂ ನೋಡಬಹುದು.